ಕಾಫಿನ್: ಕಫನ್ ಅಲ್ಲ, ಕೌಪೀನವೂ ಅಲ್ಲ

ಶವಪೆಟ್ಟಿಗೆಗೆ ಇಂಗ್ಲಿಷಿನವರು ಹೇಳುವ ‘ಕಾಫಿನ್’ ಎಂಬ ಪದ ಎಲ್ಲಿಂದ ಬಂತು ಎಂಬ ವಿಚಾರದಲ್ಲಿ ನಮ್ಮಲ್ಲಿ ಮೂರು ಪಕ್ಷಗಳಿವೆ. ಒಂದರ ಪ್ರಕಾರ ಅದು ಅರಬ್ಬಿಯ ‘ಕಫನ್’. ಎರಡನೆಯದರ ಪ್ರಕಾರ ಸಂಸ್ಕೃತದ ‘ಕೌಪೀನ’. ಮೂರನೆಯದಕ್ಕೆ ಅದು ಅಚ್ಚಗನ್ನಡದ ‘ಕಾಪು’. ಮೂವರೂ ಒಬ್ಬರನ್ನೊಬ್ಬರು ಒಪ್ಪುವುದಿಲ್ಲ, ಆದರೆ ಮೂವರ ವಿಧಾನ ಒಂದೇ: ಎರಡು ಪದಗಳನ್ನು ಗಟ್ಟಿಯಾಗಿ ಹೇಳಿ ನೋಡುವುದು, ಕಿವಿಗೆ ಹತ್ತಿರ ಕೇಳಿಸಿದರೆ ನಂಟಸ್ತಿಕೆ ಸಾರಿಬಿಡುವುದು. ಒಂದೇ ಗಜಕೋಲು ಒಂದೇ ಬಟ್ಟೆಗೆ ಮೂರು ಸಲ ಮೂರು ಉದ್ದ ತೋರಿಸಿದರೆ ಸಂಶಯಪಡಬೇಕಾದ್ದು ಕೋಲನ್ನು. ಹಾಗಿದ್ದೂ ಇವರ ಮಾತು ಭಾಷಣಗಳಲ್ಲಿ, ಲೇಖನಗಳಲ್ಲಿ, ಮೇಷ್ಟ್ರುಗಳ ಬಾಯಲ್ಲಿ ನಿಜವೆಂಬಂತೆ ಹರಿದಾಡುತ್ತಿದೆ. ಆದ್ದರಿಂದ ಒಂದೊಂದು ವಾದವನ್ನೂ ಅವರು ಹೇಳುವಂತೆಯೇ ಮುಂದಿಟ್ಟು ಉತ್ತರ ಕೊಡುತ್ತೇನೆ. ತೀರ್ಪು ಓದುಗರದು.

ಮೊದಲು ನನ್ನ ಪಕ್ಷ. ಗ್ರೀಕಿನಲ್ಲಿ ‘ಕೋಫಿನೋಸ್’ ಎಂದರೆ ಬುಟ್ಟಿ. ಅದು ಲ್ಯಾಟಿನ್ನಿಗೆ ‘ಕೋಫಿನುಸ್’ ಆಗಿ ಹೋಯಿತು, ಹಳೆಯ ಫ್ರೆಂಚಿಗೆ ‘ಕೋಫಿನ್’ ಆಗಿ ಬಂತು, ಅಲ್ಲಿಂದ ಇಂಗ್ಲಿಷಿಗೆ ದಾಟಿತು. ಈ ಹಾದಿಯ ಪ್ರತಿ ಮೆಟ್ಟಿಲಿಗೂ ಬರಹದ ಸಾಕ್ಷಿ ಇದೆ. ಕ್ರಿಸ್ತಪೂರ್ವ 4ನೇ ಶತಮಾನದ ಕ್ಸೆನೊಫೋನ್ ತನ್ನ ಗುರು ಸಾಕ್ರೆಟಿಸನ ಮಾತುಕತೆಗಳನ್ನು ದಾಖಲಿಸುವಾಗ ಒಂದು ಗೊಬ್ಬರದ ಬುಟ್ಟಿಯ ಪ್ರಸಂಗ ಬರುತ್ತದೆ. ಗೊಬ್ಬರ ಹೊರುವ ಬುಟ್ಟಿಯೂ ಸುಂದರವೇ ಎಂದು ಕೇಳಿದವನಿಗೆ ಸಾಕ್ರೆಟಿಸ್, ತನ್ನ ಕೆಲಸಕ್ಕೆ ಒದಗುವ ಹಾಗೆ ಹೆಣೆದಿದ್ದರೆ ಹೌದು, ಕೆಲಸಕ್ಕೆ ಬಾರದ ಚಿನ್ನದ ಗುರಾಣಿ ಕುರೂಪ ಎಂಬರ್ಥದ ಉತ್ತರ ಕೊಡುತ್ತಾನೆ. ಆ ಗೊಬ್ಬರದ ಬುಟ್ಟಿಯೇ ಕೋಫಿನೋಸ್. ಮುಂದೆ ಹೊಸ ಒಡಂಬಡಿಕೆಯಲ್ಲಿ, ಐದು ರೊಟ್ಟಿ ಎರಡು ಮೀನು ಐದು ಸಾವಿರ ಜನರಿಗೆ ಸಾಕಾಗಿ ಮಿಕ್ಕ ತುಣುಕುಗಳನ್ನು ಹನ್ನೆರಡು ಬುಟ್ಟಿಗಳಲ್ಲಿ ತುಂಬಿದರಲ್ಲ, ನಾಲ್ಕು ಸುವಾರ್ತೆಗಳಲ್ಲೂ ಆ ಬುಟ್ಟಿಗಳಿಗಿರುವ ಪದ ಕೋಫಿನೋಸ್. ನಾಲ್ಕು ಸಾವಿರ ಜನ ಉಂಡ ಇನ್ನೊಂದು ಪವಾಡದ ಬುಟ್ಟಿಗಳಿಗೆ ಗ್ರೀಕಿನಲ್ಲಿ ಬೇರೆಯೇ ಪದ ಇದೆ. ಬರೆದವರು ಬುಟ್ಟಿ ಬುಟ್ಟಿಗೂ ಭೇದ ಎಣಿಸಿದ್ದಾರೆ. ಇನ್ನು 14ನೇ ಶತಮಾನದ ಕೊನೆಗೆ ವಿಕ್ಲಿಫನ ಹೆಸರಿನಲ್ಲಿ ಪ್ರಸಿದ್ಧವಾದ ಇಂಗ್ಲಿಷ್ ಬೈಬಲನ್ನು ತೆರೆಯಿರಿ. ಅಲ್ಲಿ ರೊಟ್ಟಿಯ ತುಣುಕುಗಳು ತುಂಬಿದ್ದು ಹನ್ನೆರಡು ‘ಕಾಫಿನ್’ಗಳಲ್ಲಿ. ಆ ಕಾಲದ ಇಂಗ್ಲಿಷ್ ಓದುಗನಿಗೆ ಆ ಸಾಲಿನಲ್ಲಿ ಹೆಣದ ನೆನಪು ಬರುವ ಕಾರಣವೇ ಇರಲಿಲ್ಲ.

ಈಗ ಕಫನ್ ಪಕ್ಷ. ಮೂರರಲ್ಲಿ ಇದೇ ಬಲವಾದದ್ದು. ಎರಡೂ ಪದಗಳು ಸಾವಿಗೆ ಸಂಬಂಧಿಸಿದವು, ಎರಡರಲ್ಲೂ ಕ, ಫ, ನ ಇವೆ, ಆದ್ದರಿಂದ ಒಂದು ಇನ್ನೊಂದರಿಂದ ಬಂದಿದೆ ಎನ್ನುತ್ತಾರೆ. ಆದರೆ ಕಫನ್ ಪೆಟ್ಟಿಗೆಯೇ ಅಲ್ಲ. ಕಫನ್ ಬಟ್ಟೆ. ನಮ್ಮ ಊರುಗಳ ಯಾವ ಮುಸಲ್ಮಾನರನ್ನು ಕೇಳಿದರೂ ಹೇಳುತ್ತಾರೆ: ಮಯ್ಯತ್ತಿಗೆ, ಅಂದರೆ ಹೆಣಕ್ಕೆ, ಗುಸಲ್ ಸ್ನಾನ ಮಾಡಿಸಿ ಗಂಡಸಾದರೆ ಮೂರು, ಹೆಂಗಸಾದರೆ ಐದು ತುಂಡು ಬಿಳಿ ಬಟ್ಟೆಯಲ್ಲಿ ಸುತ್ತುವುದು ಕಫನ್. ಜನಾಜಾ ಎತ್ತಿ ಖಬರಸ್ಥಾನಕ್ಕೆ ಹೋದ ಮೇಲೆ ಬಟ್ಟೆಯ ಸಮೇತ ದೇಹವನ್ನು ಮಣ್ಣಿಗಿಳಿಸುವುದು ವಾಡಿಕೆ. ಪೆಟ್ಟಿಗೆ ಅಲ್ಲಿ ಕಡ್ಡಾಯವಲ್ಲ, ರೂಢಿಯೂ ಅಲ್ಲ. ಪ್ರೇಮಚಂದರ ‘ಕಫನ್’ ಕಥೆಯಲ್ಲಿ ಅಪ್ಪ ಮಗ ಸೇರಿ ಸತ್ತ ಹೆಂಗಸಿಗೆಂದು ಎತ್ತಿದ ದುಡ್ಡನ್ನು ಕುಡಿದು ಕಳೆಯುತ್ತಾರಲ್ಲ, ಅದು ಹೊದಿಸುವ ಬಟ್ಟೆಯ ದುಡ್ಡು. ಆ ಕಥೆಯನ್ನು ‘ಶವಪೆಟ್ಟಿಗೆ’ ಎಂದು ಯಾರಾದರೂ ಕನ್ನಡಿಸಿದರೆ ಈ ಪಕ್ಷದವರೇ ಮೊದಲು ನಗುತ್ತಾರೆ. ಕಥೆಗೆ ಒಪ್ಪದ ಅರ್ಥ ಪದದ ಚರಿತ್ರೆಗೆ ಹೇಗೆ ಒಪ್ಪಿಗೆಯಾಯಿತು?

ಬಟ್ಟೆ ಕಾಲಾಂತರದಲ್ಲಿ ಪೆಟ್ಟಿಗೆ ಆಯಿತು ಎಂದು ಇವರು ಹೇಳಬಹುದು. ಆಗಿದ್ದರೆ ನಡುವಿನ ಹೆಜ್ಜೆ ಬೇಕು: ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ ‘ಕಾಫಿನ್’ ಎಂದರೆ ಹೆಣದ ಬಟ್ಟೆ ಎಂಬ ಒಂದು ಪ್ರಯೋಗ. ಅದನ್ನು ಇವರಲ್ಲಿ ಯಾರೂ ತೋರಿಸಿಲ್ಲ. ಇಂಗ್ಲಿಷರಿಗೆ ಆ ಬಟ್ಟೆಗೆ ಪರದೇಶದ ಪದ ಬೇಕಾಗಿಯೂ ಇರಲಿಲ್ಲ. ‘ಶ್ರೌಡ್’ ಅವರ ಹಳೆಯ ಪದ, ಮೂಲದಲ್ಲಿ ಉಡುಪು ಎಂದರ್ಥ. ‘ವೈಂಡಿಂಗ್ ಶೀಟ್’ ಎಂಬ ಮಾತೂ ಇತ್ತು. ಬಡವರ ಹೆಣವನ್ನು ಇಂಥ ಹಾಳೆಯಲ್ಲಿ ಸುತ್ತಿ, ಚರ್ಚಿನ ಸಾರ್ವಜನಿಕ ಪೆಟ್ಟಿಗೆಯಲ್ಲಿ ಹೊತ್ತು ಒಯ್ದು, ಗುಂಡಿಯ ಬಳಿ ಹೆಣವನ್ನಷ್ಟೇ ಇಳಿಸಿ ಪೆಟ್ಟಿಗೆಯನ್ನು ಮುಂದಿನ ಸಾವಿಗೆಂದು ವಾಪಸು ತರುವ ಪದ್ಧತಿ ಅಲ್ಲಿ ಬಹುಕಾಲ ಇತ್ತು. ಇನ್ನೂ ಖಚಿತವಾದ ಸಾಕ್ಷಿ ಬೇಕಿದ್ದರೆ ಕಾನೂನಿದೆ. ದೇಶದ ಉಣ್ಣೆ ವ್ಯಾಪಾರವನ್ನು ಉಳಿಸಲು ಇಂಗ್ಲೆಂಡಿನ ಪಾರ್ಲಿಮೆಂಟು 1666ರಲ್ಲಿ ಒಮ್ಮೆ, 1678ರಲ್ಲಿ ಇನ್ನೂ ಬಿಗಿಯಾಗಿ, ಹೆಣವನ್ನು ಕುರಿಯ ಉಣ್ಣೆಯಲ್ಲೇ ಹೂಳಬೇಕೆಂದು ಶಾಸನ ಮಾಡಿತು. ಪ್ಲೇಗಿನಿಂದ ಸತ್ತವರಿಗೆ ಮಾತ್ರ ವಿನಾಯಿತಿ. ಉಣ್ಣೆಯಲ್ಲೇ ಹೂತೆವೆಂದು ಪ್ರಮಾಣಪತ್ರ ಕೊಡಬೇಕು, ತಪ್ಪಿದರೆ 5 ಪೌಂಡು ದಂಡ. ಆ ಶಾಸನ ಹೆಣಕ್ಕೆ ಸುತ್ತುವ ಬಟ್ಟೆಯನ್ನು ಬೇರೆ, ಕಾಫಿನ್ನಿನ ಒಳಗೆ ಹೊದಿಸುವ ಬಟ್ಟೆಯನ್ನು ಬೇರೆ ಎಂದು ಎಣಿಸಿ ಎರಡಕ್ಕೂ ಉಣ್ಣೆಯನ್ನೇ ವಿಧಿಸಿತ್ತು. ಬಟ್ಟೆ ಯಾವುದು, ಪೆಟ್ಟಿಗೆ ಯಾವುದು ಎಂಬ ಗೊಂದಲ ಅಲ್ಲಿಯ ವಕೀಲರಿಗಿರಲಿಲ್ಲ. ಗೊಂದಲ ಇರುವುದು ನಮ್ಮ ಕಫನ್ ಪಕ್ಷಕ್ಕೆ.

ಧರ್ಮಯುದ್ಧಗಳ ಕಾಲದಲ್ಲಿ ಯುರೋಪಿನವರು ಅರಬರಿಂದ ಎಷ್ಟೋ ಪದ ಕಲಿತರು, ಇದೂ ಹಾಗೇ ಹೋಗಿದೆ ಎಂಬುದು ಇದೇ ಪಕ್ಷದ ಮುಂದಿನ ಮಾತು. ಕಲಿತರು, ನಿಜ. ಶವಪೆಟ್ಟಿಗೆಯ ಪದವನ್ನೂ ಕಲಿತರು! ಆದರೆ ಕಲಿತದ್ದು ಕಫನ್ ಅಲ್ಲ, ‘ತಾಬೂತ್’. ಅರಬ್ಬಿಯಲ್ಲಿ ಪೆಟ್ಟಿಗೆಗೂ ಶವಪೆಟ್ಟಿಗೆಗೂ ಇರುವ ಪದ ಅದು. ಅರಬರು ಶತಮಾನಗಟ್ಟಲೆ ಆಳಿದ ಸ್ಪೇನಿನಲ್ಲಿ ಇಂದಿಗೂ ಶವಪೆಟ್ಟಿಗೆಗೆ ‘ಅತಾವುದ್’ ಎನ್ನುತ್ತಾರೆ. ಅರಬ್ಬಿಯ ‘ಅತ್ತಾಬೂತ್’ ಅಲ್ಲಿ ಕೂತಿರುವ ರೂಪ ಅದು. ಅರಬ್ಬಿ ಪದ ಯುರೋಪಿಗೆ ಹೋದಾಗ ಅದರ ಗುರುತು ಹೀಗೆ ಉಳಿಯುತ್ತದೆ. ಕಫನ್ ಹೋಗಿದ್ದರೆ ಅರಬರಿಗೆ ಅತಿ ಹತ್ತಿರವಿದ್ದ ಸ್ಪೇನಿನಲ್ಲಿ ಮೊದಲು ಸಿಗಬೇಕಿತ್ತು. ಅಲ್ಲಿ ಪೆಟ್ಟಿಗೆಯ ಹೆಸರಾಗಿ ಅದು ಇಲ್ಲ, ಅರಬರ ಆಳ್ವಿಕೆಯನ್ನೇ ಕಾಣದ ಇಂಗ್ಲೆಂಡಿನಲ್ಲಿ ಇದೆ ಎಂದು ಈ ಪಕ್ಷ ನಂಬಿಸುತ್ತಿದೆ. ಕನ್ನಡಿಗರಿಗಂತೂ ಈ ತಾಬೂತ್ ಹೊಸದಲ್ಲ. ಮೊಹರಮ್ಮಿನಲ್ಲಿ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪಂಜಾ, ಡೋಲಿಗಳ ಜೊತೆ ಬಣ್ಣದ ಕಾಗದ ಹಚ್ಚಿ ಮೆರೆಸುವ ತಾಬೂತು ಅದೇ ಪದ. ಹಿಂದೂಗಳೂ ಮುಸಲ್ಮಾನರೂ ಕೂಡಿ ಹೊರುವ ಆ ತಾಬೂತಿಗೆ ಇಷ್ಟು ನಿಜವಾದ, ಇಷ್ಟು ಉದ್ದದ ಚರಿತ್ರೆ ಇರುವಾಗ ಅದನ್ನು ಬದಿಗೆ ಸರಿಸಿ ಇಲ್ಲದ ಕಫನ್ ಚರಿತ್ರೆಯನ್ನು ಕಟ್ಟುವುದು ಅರಬ್ಬಿಗೆ ಗೌರವ ಕೊಟ್ಟಂತಲ್ಲ. ನಮ್ಮ ಅಜ್ಜಿಯರು ಬಟ್ಟೆ ಇಡುತ್ತಿದ್ದ ‘ಸಂದೂಕ’ ಕೂಡ ಅರಬ್ಬಿಯದೇ. ಪೆಟ್ಟಿಗೆಯ ವಿಚಾರದಲ್ಲಿ ಅರಬರ ಋಣ ನಮ್ಮ ಮೇಲೆ ಧಾರಾಳ ಇದೆ. ಅದನ್ನು ಒಪ್ಪಿಕೊಳ್ಳಲು ಸುಳ್ಳು ಬೇಕಾಗಿಲ್ಲ.

ಇನ್ನು ಮೂರೂ ಪಕ್ಷಗಳು ಒಕ್ಕೊರಲಿನಿಂದ ಕೇಳುವ ಪ್ರಶ್ನೆ: ರೊಟ್ಟಿಯ ಬುಟ್ಟಿ ಎಲ್ಲಿ, ಹೆಣದ ಪೆಟ್ಟಿಗೆ ಎಲ್ಲಿ? ಒಂದು ಪದ ಇಷ್ಟು ದೂರ ನೆಗೆಯುತ್ತದೆಯೇ? ನೆಗೆಯಲಿಲ್ಲ, ನಡೆಯಿತು. ಇಂಗ್ಲಿಷಿನಲ್ಲಿ ಕಾಫಿನ್ ಮೊದಲು ಬುಟ್ಟಿ ಮತ್ತು ಬೆಲೆಬಾಳುವ ವಸ್ತು ಇಡುವ ಪೆಟ್ಟಿಗೆ. ಆಮೇಲೆ ಅಡುಗೆಮನೆಗೆ ಬಂತು. ಎರಡನೆಯ ರಿಚರ್ಡ್ ದೊರೆಯ ಬಾಣಸಿಗರದೆನ್ನುವ, ಸುಮಾರು 1390ರ ‘ಫಾರ್ಮ್ ಆಫ್ ಕ್ಯೂರಿ’ ಎಂಬ ಪಾಕಪುಸ್ತಕದಲ್ಲಿ ಕಾಫಿನ್ ಎಂದರೆ ಹಿಟ್ಟಿನಿಂದ ಗೋಡೆ ಎಬ್ಬಿಸಿ ಮಾಡಿದ ಕಡುಬಿನ ಪೆಟ್ಟಿಗೆ. ಅದರೊಳಗೆ ಮಾಂಸವೋ ಹಣ್ಣೋ ತುಂಬಿ ಬೇಯಿಸುತ್ತಿದ್ದರು. ಹೂಳುವ ಪೆಟ್ಟಿಗೆ ಎಂಬ ಅರ್ಥ ಬರಹದಲ್ಲಿ ಕಾಣಿಸುವುದು 16ನೇ ಶತಮಾನದ ಮೊದಲ ಭಾಗದಲ್ಲಿ, ಅಂದರೆ ಕಡುಬಿನ ಕಾಫಿನ್ ಒಲೆ ಹತ್ತಿ ನೂರು ವರ್ಷ ದಾಟಿದ ಮೇಲೆ. ಈ ಕಾಲಕ್ರಮ ಕಫನ್ ಪಕ್ಷವನ್ನು ಇಕ್ಕಟ್ಟಿಗೆ ತಳ್ಳುತ್ತದೆ. ಹೆಣದ ಅರ್ಥವೇ ಮೂಲವಾಗಿದ್ದರೆ ಅದು ಮೊದಲು ಬಂದು, ರೊಟ್ಟಿ ಕಡುಬುಗಳು ಆಮೇಲೆ ಬರಬೇಕಿತ್ತು. ದಾಖಲೆ ತಲೆಕೆಳಗಾಗಿದೆ. ಹಾಗಾದರೆ ಇಂಗ್ಲಿಷರು ಅರಬರ ಹೆಣದ ಬಟ್ಟೆಯ ಪದವನ್ನು ತಂದು ಮೊದಲು ಬುಟ್ಟಿಗೆ, ಆಮೇಲೆ ಊಟಕ್ಕೆ ಬಳಸಿ, ನೂರಕ್ಕೂ ಹೆಚ್ಚು ವರ್ಷದ ನಂತರ ನೆನಪಾಗಿ ಹೆಣಕ್ಕೆ ಮರಳಿಸಿದರು ಎಂದಾಗುತ್ತದೆ. ಇದನ್ನು ಇವರು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಇವರ ವಾದ ನಿಲ್ಲಬೇಕಾದರೆ ಹೇಳಲೇಬೇಕು.

ಶೇಕ್ಸ್‌ಪಿಯರನ ‘ಟೈಟಸ್ ಆಂಡ್ರೊನಿಕಸ್’ ನಾಟಕದಲ್ಲಿ ಟೈಟಸ್ ತನ್ನ ಮಗಳನ್ನು ಹಾಳುಗೆಡವಿದ ಇಬ್ಬರನ್ನು ಕೊಂದು ಕಡುಬಿಗೆ ತುಂಬುವಾಗ ಕಾಫಿನ್ ಎಂಬ ಮಾತನ್ನು ಆಡುತ್ತಾನೆ. ಇದನ್ನೇ ಎತ್ತಿಕೊಂಡು ‘ನೋಡಿ, ಕಡುಬಿನ ಅರ್ಥ ಹೆಣದ ಅರ್ಥದಿಂದ ಹುಟ್ಟಿದ ಕ್ರೂರ ಹಾಸ್ಯ’ ಎಂದವರಿದ್ದಾರೆ. ನಾಟಕ 16ನೇ ಶತಮಾನದ ಕೊನೆಯದು, ಪಾಕಪುಸ್ತಕ ಅದಕ್ಕೂ ಇನ್ನೂರು ವರ್ಷ ಹಿಂದಿನದು. ಅಷ್ಟು ಹೊತ್ತಿಗೆ ಎರಡು ಅರ್ಥಗಳೂ ಜನರ ಬಾಯಲ್ಲಿದ್ದುದರಿಂದಲೇ ಆ ಮಾತು ರಂಗದ ಮೇಲೆ ಮೈ ನಡುಗಿಸಿತು.

ಅರ್ಥ ದೂರ ಹೋಯಿತೆಂದು ಹುಬ್ಬೇರಿಸುವವರು ತಮ್ಮ ನಾಲಗೆಯ ಮೇಲಿನ ‘ಪೆಟ್ಟಿಗೆ’ಯನ್ನು ಒಮ್ಮೆ ನೋಡಿಕೊಳ್ಳಲಿ. ಬೆಂಕಿಪೆಟ್ಟಿಗೆ, ಬಾಜಾಪೆಟ್ಟಿಗೆ, ಮತಪೆಟ್ಟಿಗೆ, ಬೀದಿ ಬದಿಯ ಪೆಟ್ಟಿಗೆ ಅಂಗಡಿ, ಶವಪೆಟ್ಟಿಗೆ. ಒಂದರಲ್ಲಿ ಕಡ್ಡಿ, ಒಂದರಲ್ಲಿ ಸ್ವರ, ಒಂದರಲ್ಲಿ ಪ್ರಜಾಪ್ರಭುತ್ವ, ಒಂದರಲ್ಲಿ ಬೀಡಿ ಬಾಳೆಹಣ್ಣು, ಒಂದರಲ್ಲಿ ಸತ್ತವರು. ಪೆಟ್ಟಿಗೆ ಎಂಬ ಪದದ ಮೂಲದಲ್ಲಿ ಸಾವಿದೆಯೆಂದು ಯಾರೂ ಹುಡುಕುತ್ತಿಲ್ಲವಷ್ಟೇ? ಫ್ರೆಂಚಿನಲ್ಲಂತೂ ಇದೇ ಕೋಫಿನುಸ್ ಪ್ರೊವೆನ್ಸಿನ ಮಾತಿನ ಮೂಲಕ ಹಾದು ‘ಕೂಫ್ಯಾಂ’ ಎಂದಾಗಿ ಇವತ್ತು ಹಸುಗೂಸನ್ನು ಮಲಗಿಸುವ ಹಿಡಿಕೆಯ ಬುಟ್ಟಿಯ ಹೆಸರಾಗಿದೆ. ಒಂದೇ ಬುಟ್ಟಿ ಕಡಲ್ಗಾಲುವೆಯ ಆಚೆ ತೊಟ್ಟಿಲು, ಈಚೆ ಶವಪೆಟ್ಟಿಗೆ. ಕಫನ್ನಿನಿಂದ ಹೊರಟವರು ಈ ತೊಟ್ಟಿಲನ್ನು ತಲುಪಿ ತೋರಿಸಲಿ.

ಇದಕ್ಕೆ ಅವರ ಬಳಿ ಒಂದು ತಪ್ಪಿಸಿಕೊಳ್ಳುವ ಕಂಡಿ ಇದೆ: ‘ಸಾರ್ಕೊಫಾಗಸ್’. ಪಾಶ್ಚಾತ್ಯರು ಹೆಣದ ಪೆಟ್ಟಿಗೆಗೆ ಮಾಂಸಭಕ್ಷಕ ಎಂದೇ ಹೆಸರಿಟ್ಟಿದ್ದಾರೆ, ಆದ್ದರಿಂದ ಅವರ ಇಂಥ ಪದಗಳ ಮೂಲದಲ್ಲಿ ಸಾವು ಇರಲೇಬೇಕು ಎಂಬ ವಾದ. ಆ ಹೆಸರು ಮೊದಲು ಇಟ್ಟದ್ದು ಪೆಟ್ಟಿಗೆಗಲ್ಲ, ಒಂದು ಕಲ್ಲಿಗೆ. ಈಗಿನ ಟರ್ಕಿಯ ಪಶ್ಚಿಮ ಕರಾವಳಿಯ ಅಸ್ಸೋಸ್ ಎಂಬ ಊರಿನ ಕಲ್ಲು ಅದು. ಕ್ರಿಸ್ತಶಕ 79ರಲ್ಲಿ ತೀರಿಕೊಂಡ ರೋಮನ್ ಲೇಖಕ ಪ್ಲಿನಿ ಆ ಕಲ್ಲಿನಲ್ಲಿಟ್ಟ ದೇಹ ಹಲ್ಲೊಂದನ್ನು ಬಿಟ್ಟು 40 ದಿನದಲ್ಲಿ ಕರಗುತ್ತದೆ ಎಂಬ ಪ್ರತೀತಿಯನ್ನು ಬರೆದಿಟ್ಟ. ಜೊತೆಗಿಟ್ಟ ಕನ್ನಡಿ, ಬಟ್ಟೆ, ಪಾದರಕ್ಷೆಗಳು ಕಲ್ಲಾಗುತ್ತವೆ ಎಂಬುದನ್ನೂ ಸೇರಿಸಿದ. ಕಲ್ಲಿನ ಹೆಸರು ಆ ಕಲ್ಲಿನ ಪೆಟ್ಟಿಗೆಗೆ, ಆಮೇಲೆ ಯಾವುದೇ ಕಲ್ಲಿನ ಶವಪೆಟ್ಟಿಗೆಗೆ ಹಬ್ಬಿತು. ಕೊನೆಗೆ ಜರ್ಮನ್ನಿನ ‘ಜಾರ್ಕ್’, ಫ್ರೆಂಚಿನ ‘ಸೆರ್ಕಯ್’ ಆಗಿ ಸವೆದು ಮರದ ಪೆಟ್ಟಿಗೆಗೂ ಅಂಟಿತು. ಕಲ್ಲನ್ನೂ ಕಳೆದುಕೊಂಡು, ತಿನ್ನುವುದನ್ನೂ ಮರೆತು ಉಳಿದ ಪದ ಇದು. ಇವರ ವಾದಕ್ಕೆ ಆಸರೆ ಎಂದುಕೊಂಡದ್ದು ನಮ್ಮ ವಾದವನ್ನೇ ಹೇಳುತ್ತಿದೆ. ಅಲ್ಲದೆ ಶವಪೆಟ್ಟಿಗೆಯ ಕಲೆಯಲ್ಲಿ ಎಲ್ಲರಿಗೂ ಹಿರಿಯರಾದ ಈಜಿಪ್ಟಿನವರು ತಮ್ಮ ಪೆಟ್ಟಿಗೆಗೆ ಕೊಟ್ಟ ಹೆಸರುಗಳಲ್ಲೊಂದು ‘ನೆಬ್ ಆಂಖ್’. ಅರ್ಥ, ಜೀವದ ಒಡೆಯ. ಅಲ್ಲಿ ಸಾವಿನ ಸುಳಿವೇ ಇಲ್ಲ.

ಕೌಪೀನ ಪಕ್ಷಕ್ಕೆ ಬರೋಣ. ಕೌಪೀನ ಮುಚ್ಚುವ ವಸ್ತು, ಕಾಫಿನ್ನೂ ಮುಚ್ಚುವ ವಸ್ತು, ಸಂಸ್ಕೃತವೇ ಎಲ್ಲಕ್ಕೂ ತಾಯಿ, ಇಷ್ಟೇ ವಾದ. ಸಂಸ್ಕೃತವನ್ನು ಇಷ್ಟು ಎತ್ತರದಲ್ಲಿ ಕೂರಿಸುವವರು ಪಾಣಿನಿಯನ್ನು ಕೇಳಬೇಡವೇ? ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಶಾಲೀನ, ಕೌಪೀನ ಎಂಬ ಜೋಡಿಗೇ ಒಂದು ಸೂತ್ರವಿದೆ. ಅಲ್ಲಿ ಕೌಪೀನ ಎಂದರೆ ಮಾಡಬಾರದ ಕೆಲಸ. ಪಾಣಿನಿಯ ಸೂತ್ರಗಳ ವ್ಯಾಖ್ಯಾನವಾದ ಕಾಶಿಕಾವೃತ್ತಿಯ ಪರಂಪರೆ ಅದನ್ನು ಕೂಪ ಎಂಬುದರಿಂದ ಬಿಡಿಸುತ್ತದೆ; ಬಾವಿಗೆ ಬೀಳಲು ಯೋಗ್ಯವಾದದ್ದು. ಅಲ್ಲಿಂದ ಮರೆಮಾಡಬೇಕಾದ ಅಂಗಕ್ಕೆ, ಆಮೇಲೆ ಅದನ್ನು ಮರೆಮಾಡುವ ಲಂಗೋಟಿಗೆ ಪದ ಸರಿಯಿತು. ಸಂಸ್ಕೃತದ ವೈಯಾಕರಣರೇ ಇಷ್ಟು ಸ್ಪಷ್ಟವಾಗಿ ಬಾವಿಯನ್ನು ತೋರಿಸಿರುವಾಗ ಸಂಸ್ಕೃತಾಭಿಮಾನಿಗಳು ಸ್ಮಶಾನದ ದಾರಿ ಹಿಡಿದಿದ್ದಾರೆ. ಧ್ವನಿಯ ನಿಯಮವೂ ಇವರ ವಿರುದ್ಧವೇ ಇದೆ. ಸಂಸ್ಕೃತದ ಪ ಗ್ರೀಕಿನಲ್ಲಿ ಪ ಆಗಿಯೇ ನಿಲ್ಲುತ್ತದೆ: ಪಿತೃ, ಪತೇರ್. ಗ್ರೀಕಿನ ಫ ಬರುವುದು ಸಂಸ್ಕೃತದ ಭಕಾರಕ್ಕೆ ಎದುರಾಗಿ: ಭ್ರಾತೃ, ಫ್ರಾತೇರ್. ಹುಟ್ಟಿನಿಂದ ನಂಟಲ್ಲ, ವ್ಯಾಪಾರದಲ್ಲಿ ಹೋದ ಎರವಲು ಎಂದರೂ ಉಳಿಯುವುದಿಲ್ಲ. ಹಡಗಿನಲ್ಲಿ ನಿಜವಾಗಿ ಹೋದ ನಮ್ಮ ಪಿಪ್ಪಲಿ ಗ್ರೀಕಿನಲ್ಲಿ ‘ಪೆಪೆರಿ’ ಆಯಿತು, ಎರಡು ಪಕಾರವೂ ಕೆಡದೆ ಉಳಿದವು. ಲಂಗೋಟಿಗೆ ಮಾತ್ರ ಪ ಹೋಗಿ ಫ ಏಕಾಯಿತೆಂದು ಅವರು ಹೇಳಲಿ.

ಮೂರನೆಯ ಪಕ್ಷದವರು ನನ್ನ ಹಾಗೇ ಕನ್ನಡವನ್ನು ಪ್ರೀತಿಸುವವರು, ಅದಕ್ಕೇ ಇವರ ಮೇಲೆ ಹೆಚ್ಚು ಬೇಸರ. ಕಾಪು ಎಂದರೆ ರಕ್ಷಣೆ, ದೇಹವನ್ನು ಕಾಯುವುದು ‘ಕಾಪಿನ’ ಪೆಟ್ಟಿಗೆ, ಅದೇ ಕಾಫಿನ್ ಆಯಿತು ಎನ್ನುತ್ತಾರೆ. ‘ಕಾಪಿನ’ ಎಂಬುದು ಷಷ್ಠೀ ವಿಭಕ್ತಿ. ಪರಭಾಷೆಯವರು ಎರವಲು ಪಡೆಯುವಾಗ ವಸ್ತುವಿನ ಹೆಸರನ್ನು ಒಯ್ಯುತ್ತಾರೆ. ಹೆಸರಾದ ಪೆಟ್ಟಿಗೆಯನ್ನು ಇಲ್ಲೇ ಬಿಟ್ಟು ಬರೀ ವಿಭಕ್ತಿಯನ್ನು ಹೊತ್ತೊಯ್ದ ಇನ್ನೊಂದು ಉದಾಹರಣೆ ಕೊಡಲಿ. ‘ಕಾಪಿನ ಪೆಟ್ಟಿಗೆ’ಯಲ್ಲಿ ಹೆಣ ಇಟ್ಟ ಒಂದು ಶಾಸನವನ್ನೋ ಹಳಗನ್ನಡದ ಒಂದು ಪದ್ಯವನ್ನೋ ತೋರಿಸಲಿ. ಇದಕ್ಕೆ ಉತ್ತರವಾಗಿ ಅವರು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಪಪೈರಸ್ ಹಾಳೆಯ ಮೇಲೆ ಸಿಕ್ಕ ಗ್ರೀಕ್ ಪ್ರಹಸನವನ್ನು ಎತ್ತುತ್ತಾರೆ. ಭಾರತದ ಕರಾವಳಿಯಲ್ಲಿ ನಡೆಯುವ ಆ ನಾಟಕದ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳು ಆ ವಾದವನ್ನು ಬೆಳೆಸಿದರು. ಅದು ಇಂದಿಗೂ ಚರ್ಚೆಯಲ್ಲಿದೆ. ಅವೆಲ್ಲ ಕನ್ನಡವೇ ಎಂದು ಪೂರ್ತಿ ಒಪ್ಪೋಣ. ಆ ಪಪೈರಸ್ ಕ್ರಿಸ್ತಶಕ 2ನೇ ಶತಮಾನದ್ದು. ಸಾಕ್ರೆಟಿಸನ ಗೊಬ್ಬರದ ಬುಟ್ಟಿ ಅದಕ್ಕೆ ಐದು ಶತಮಾನ ಹಿರಿಯದು. ಅರಿಸ್ಟೋಫೇನಿಸನ ‘ಹಕ್ಕಿಗಳು’ ನಾಟಕದಲ್ಲೂ ಈ ಬುಟ್ಟಿ ಬರುತ್ತದೆ, ಅದು ಕ್ರಿಸ್ತಪೂರ್ವ 414ರಲ್ಲಿ ಆಡಿದ್ದು. ಮೊಮ್ಮಗ ಅಜ್ಜನಿಗೆ ಹೆಸರಿಡಲಾರ.

ನೆಲದ ಸತ್ಯವನ್ನೂ ನೋಡಬೇಕು. ಸಾವಿನ ಸಂಪ್ರದಾಯಗಳಿಗೆ ಕನ್ನಡದಲ್ಲಿ ಪದಗಳ ಬರವಿಲ್ಲ. ಶ್ರವಣಬೆಳಗೊಳದ ನಿಸಿದಿ, ಮಠಗಳ ಗದ್ದುಗೆ, ಲಿಂಗಾಯತರು ದೇಹವನ್ನು ಕೂರಿಸಿ ಹೊರುವ ವಿಮಾನ, ವಿಭೂತಿ ಬಿಲ್ವಪತ್ರೆ ತುಂಬಿ ಮುಚ್ಚುವ ಸಮಾಧಿಯ ಕುಣಿ, ಊರೂರಿನ ಚಟ್ಟ. ಇವ್ಯಾವುದರಲ್ಲೂ ಮುಚ್ಚಳದ ಪೆಟ್ಟಿಗೆ ಇಲ್ಲ, ಅದರ ಅಗತ್ಯವೂ ಇರಲಿಲ್ಲ. ಗಂಗಾವತಿ ಸೀಮೆಯ ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಶಿಲಾಯುಗದವರು ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಲಿನ ಗೋರಿಗಳಿವೆ. 1947ರಲ್ಲಿ ಪುರಾತತ್ವಜ್ಞ ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆದದ್ದೂ ಇಂಥವನ್ನೇ. ಹಿರೇಬೆಣಕಲ್ಲಿನ ಜನ ಅವನ್ನು ಮೋರ್ಯರ ಮನೆ ಎಂದು ಕರೆದರು. ಕಲ್ಲಿನ ಪೆಟ್ಟಿಗೆ ಕಣ್ಣೆದುರಿಗಿದ್ದಾಗಲೂ ಕನ್ನಡದ ಬಾಯಿ ‘ಮನೆ’ ಎಂದಿತು. ಇದು ನಮ್ಮ ಸ್ವಂತ ಸೊತ್ತು. ಇದನ್ನು ಬಿಟ್ಟು ಪರರ ಬುಟ್ಟಿಗೆ ಕೈ ಹಾಕುವುದು ಎಂಥ ಅಭಿಮಾನ?

ವಾದ ಸೋತಾಗ ಮೂವರೂ ಓಡಿಹೋಗಿ ಸೇರುವ ಕೋಟೆ ಒಂದೇ: ಇಂಗ್ಲಿಷ್ ನಿಘಂಟುಕಾರರು ವಸಾಹತುಶಾಹಿಗಳು, ಪೂರ್ವದ ಋಣವನ್ನು ಮುಚ್ಚಿಡುತ್ತಾರೆ. ಮುಚ್ಚಿಡುವವರು ಕಾಟನ್ ಅರಬ್ಬಿಯದೆಂದು, ಕಾಟ್ ನಮ್ಮ ಖಾಟಿನಿಂದೆಂದು, ಜಿಂಜರ್ ದ್ರಾವಿಡದ ಇಂಚಿಯವರೆಗೆ ಹೋಗುತ್ತದೆಂದು, ಅರೆಕಾ ಮತ್ತು ಟೀಕ್ ಪೋರ್ಚುಗೀಸರ ಕೈಯಿಂದ ಬಂದ ಮಲಯಾಳದ ಅಡಕ್ಕ, ತೇಕು ಎಂದು ಏಕೆ ಅಚ್ಚು ಹಾಕುತ್ತಾರೆ? ಆ ಅಡಕ್ಕ, ತೇಕು ನಮ್ಮ ಅಡಿಕೆ, ತೇಗದ ಒಡಹುಟ್ಟುಗಳು. ಈ ಉದಾಹರಣೆಗಳನ್ನು ಹೆಮ್ಮೆಯಿಂದ ಹೇಳುವಾಗ ಅದೇ ನಿಘಂಟು ಇವರಿಗೆ ಪ್ರಮಾಣ, ಕಾಫಿನ್ ಬಂದಾಗ ಪಿತೂರಿ. ಒಬ್ಬನೇ ಸಾಕ್ಷಿಯನ್ನು ಬೆಳಿಗ್ಗೆ ಸತ್ಯವಂತ ಎಂದು, ಮಧ್ಯಾಹ್ನ ಸುಳ್ಳುಗಾರ ಎಂದು ಕರೆದರೆ ಯಾವ ನ್ಯಾಯಾಲಯ ಒಪ್ಪುತ್ತದೆ?

ಕೊನೆಯದಾಗಿ, ಸ್ವಲ್ಪ ಬುದ್ಧಿವಂತಿಕೆಯ ಒಂದು ಪ್ರಶ್ನೆ: ಸರಿ, ಗ್ರೀಕ್ ಎಂದೇ ಇಟ್ಟುಕೊಳ್ಳಿ, ಗ್ರೀಕಿಗೆ ಅದು ಎಲ್ಲಿಂದ ಬಂತು? ಅಲ್ಲಿ ಕಫನ್ ಇರಬಾರದೇಕೆ? ಕೋಫಿನೋಸ್‌ನ ಹಿಂದಿನ ಮೂಲ ಇತ್ಯರ್ಥವಾಗಿಲ್ಲವೆಂದು ಗ್ರೀಕ್ ವ್ಯುತ್ಪತ್ತಿಕಾರರೇ ಬರೆಯುತ್ತಾರೆ. ಪಶ್ಚಿಮ ಏಷ್ಯಾದಲ್ಲೇ ಹುಡುಕಬೇಕೆಂದಿದ್ದರೆ ಕಫನ್ನಿಗಿಂತ ಎಷ್ಟೋ ಮೇಲಾದ ಪದ ಅಕ್ಕಾಡಿಯನ್ನಿನಲ್ಲಿದೆ: ‘ಕುಪ್ಪು’. ಮೆಸೊಪೊಟೇಮಿಯಾದ ಸಾರ್ಗೋನ್ ದೊರೆಯ ಜನ್ಮಕಥೆಯಲ್ಲಿ ತಾಯಿ ಹಸುಗೂಸನ್ನು ಜೊಂಡಿನ ಕುಪ್ಪುವಿನಲ್ಲಿಟ್ಟು, ಮುಚ್ಚಳಕ್ಕೆ ಡಾಂಬರು ಮೆತ್ತಿ ಹೊಳೆಗೆ ಬಿಡುತ್ತಾಳೆ. ಅರಬ್ಬಿಯಲ್ಲಿ ಬುಟ್ಟಿಗೆ ‘ಖುಫ್ಫಾ’ ಇದೆ. ಇವುಗಳಲ್ಲೊಂದನ್ನು ಅವರು ಹಿಡಿದು ಬಂದಿದ್ದರೆ ಎದುರು ಬದುರು ಕೂತು ಮಾತಾಡಬಹುದಿತ್ತು. ಅವರು ಬಂದದ್ದು ಕಫನ್ ಹಿಡಿದು. ಕುಪ್ಪುವೇ ಮೂಲವೆಂದು ನಾಳೆ ಸಿದ್ಧವಾದರೂ ಗೆಲ್ಲುವುದು ಅವರಲ್ಲ, ಏಕೆಂದರೆ ಸಾರ್ಗೋನನ ತಾಯಿ ಮಗುವನ್ನಿಟ್ಟದ್ದು ಬುಟ್ಟಿಯಲ್ಲಿ, ಹೆಣದ ಬಟ್ಟೆಯಲ್ಲಲ್ಲ.